266 ಕಿಲೋ ಬೈಕಿನ ಮುಂದಿನ ಚಕ್ರ ಎದ್ದಾಗ: ಕಾಂಚೀಪುರಂ ಹೆದ್ದಾರಿಯ ಒಂದು ಪ್ರಕರಣ

2023ರ ಸೆಪ್ಟೆಂಬರ್ 17, ಭಾನುವಾರ. ಆ ವಾರ ಗಣೇಶನ ಹಬ್ಬ. ಚೆನ್ನೈ–ಬೆಂಗಳೂರು ಹೆದ್ದಾರಿಯಲ್ಲಿ, ಕಾಂಚೀಪುರಂ ಹತ್ತಿರದ ದಾಮಲ್ ಬಳಿ ಒಂದು ಸುಜುಕಿ ಹಯಾಬುಸಾ ಬರುತ್ತಿತ್ತು. ಓಡಿಸುತ್ತಿದ್ದವರು ತಮಿಳುನಾಡಿನ ಹೆಸರಾಂತ ಬೈಕ್ ಯೂಟ್ಯೂಬರ್ ಟಿ.ಟಿ.ಎಫ್. ವಾಸನ್. ಮಹಾರಾಷ್ಟ್ರದ ಕಡೆಗೆ ಪ್ರವಾಸ ಹೊರಟಿದ್ದರು ಎಂದು ವರದಿಯಾಗಿತ್ತು. ಬೈಕಿನ ಮುಂದಿನ ಚಕ್ರ ಮೇಲೆದ್ದಿತು. ಕೆಳಗಿಳಿಯುತ್ತಲೇ ಹಿಡಿತ ತಪ್ಪಿತು. ಬೈಕ್ ರಸ್ತೆ ಬದಿಗೆ ನುಗ್ಗಿ ಪಲ್ಟಿ ಹೊಡೆಯಿತು, ಸವಾರ ದೂರಕ್ಕೆ ಎಸೆಯಲ್ಪಟ್ಟರು. ಆ ದೃಶ್ಯ ವಿಡಿಯೋದಲ್ಲಿ ಸೆರೆಯಾಗಿ, ಸಂಜೆಯೊಳಗೆ ಎಲ್ಲರ ಫೋನಿಗೂ ಬಂತು.

ಅವರ ಕೈ ಮುರಿಯಿತು, ಜೀವ ಉಳಿಯಿತು. ಬೇರೆ ಯಾರಿಗೂ ಏನೂ ಆಗಲಿಲ್ಲ.

ಈ ಪ್ರಕರಣವನ್ನು ಎಲ್ಲರೂ ಅವತ್ತು ಒಬ್ಬ ಯೂಟ್ಯೂಬರ್‌ನ ಸುದ್ದಿಯಾಗಿ ನೋಡಿದರು. ಅಭಿಮಾನಿಗಳು ಒಂದು ಕಡೆ, ಬೈಯುವವರು ಇನ್ನೊಂದು ಕಡೆ. ನನಗೆ ಬೇಕಾಗಿರುವುದು ಆ ಬೈಕ್, ಆ ರಸ್ತೆ, ಆ ಮೂರ್ನಾಲ್ಕು ಸೆಕೆಂಡು. ಯಾಕೆಂದರೆ ದೊಡ್ಡ ಬೈಕ್ ಇಟ್ಟುಕೊಂಡು ಬೆಂಗಳೂರಿನಿಂದ ಹೊಸೂರು, ಕೃಷ್ಣಗಿರಿ, ಆಂಬೂರು ಅಂತ ಭಾನುವಾರ ಬೆಳಗ್ಗೆ ಹೊರಡುವ ಎಷ್ಟೋ ಜನ ಓಡಾಡುವುದು ಇದೇ ಹೆದ್ದಾರಿಯಲ್ಲಿ. ಅವರಲ್ಲಿ ಕೆಲವರಿಗೆ ಒಂದು ನಂಬಿಕೆ ಇದೆ: ಚಿಕ್ಕ ಬೈಕಿನಲ್ಲಿ ವೀಲಿಂಗ್, ಅಂದರೆ ಮುಂದಿನ ಚಕ್ರ ಎತ್ತಿ ಓಡಿಸುವುದು, ಪುಂಡಾಟ, ದೊಡ್ಡ ಬೈಕಿನಲ್ಲಿ ಅದು ಅನುಭವ. ಭಾರವಾದ ಗಾಡಿ ಅಲ್ವಾ, ಅಲುಗಾಡುವುದಿಲ್ಲ, ನೆಲಕ್ಕೆ ಅಂಟಿಕೊಂಡಿರುತ್ತೆ ಅನ್ನುತ್ತಾರೆ. ನೆಲಕ್ಕೆ ಅಂಟಿಕೊಂಡಿರುವುದು ನಿಜ. ಆದರೆ ಎರಡೂ ಚಕ್ರ ನೆಲದ ಮೇಲಿದ್ದಾಗ ಮಾತ್ರ.

ಮೊದಲು ಗಾಡಿಯನ್ನು ನೋಡೋಣ. ಭಾರತಕ್ಕೆ 2021ರಲ್ಲಿ ಬಂದ ಹೊಸ ಮಾದರಿಯ ಹಯಾಬುಸಾದ ಎಂಜಿನ್ 1340 ಸಿಸಿ, ನಾಲ್ಕು ಸಿಲಿಂಡರ್. ಪೆಟ್ರೋಲ್, ಆಯಿಲ್ ಎಲ್ಲ ಸೇರಿ ತೂಕ 266 ಕಿಲೋ. 50 ಕಿಲೋದ ಐದು ಅಕ್ಕಿ ಮೂಟೆಗಿಂತ ಜಾಸ್ತಿ. ಎರಡು ಚಕ್ರಗಳ ನಡುವಿನ ದೂರ 1480 ಮಿಲಿಮೀಟರ್. ಗಂಟೆಗಟ್ಟಲೆ ಹೆದ್ದಾರಿಯಲ್ಲಿ ನೆಟ್ಟಗೆ, ವೇಗವಾಗಿ, ಸುಸ್ತಾಗದೆ ಹೋಗಲೆಂದೇ ಉದ್ದವಾಗಿ, ತಗ್ಗಾಗಿ ಮಾಡಿದ ಗಾಡಿ ಇದು. ಎಂಜಿನ್ನಿನ ಟಾರ್ಕ್, ಅಂದರೆ ತಿರುಚುವ ಬಲ, 150 ನ್ಯೂಟನ್ ಮೀಟರ್. ನಮ್ಮ ಬೀದಿಯ ಹೀರೋ ಸ್ಪ್ಲೆಂಡರ್‌ನ ಟಾರ್ಕ್ 8ರ ಆಸುಪಾಸು, ತೂಕ 112 ಕಿಲೋ. ಅಂದರೆ ತೂಕ ಎರಡೂವರೆ ಪಟ್ಟೂ ಇಲ್ಲ, ತಿರುಚುವ ಬಲ ಹದಿನೆಂಟು ಪಟ್ಟು.

ಮುಂದಿನ ಚಕ್ರ ಯಾಕೆ ಏಳುತ್ತದೆ ಅನ್ನುವುದು ಎತ್ತಿನ ಗಾಡಿ ನೋಡಿದವರಿಗೆ ಗೊತ್ತು. ಹೇರು ಹಿಂದಕ್ಕೆ ಜಾಸ್ತಿ ಆದರೆ ಗಾಡಿ ಹಿಂಭಾರ ಆಗಿ ನೊಗ ಮೇಲಕ್ಕೇಳುತ್ತದೆ. ಬೈಕಿನಲ್ಲಿ ಹೇರನ್ನು ಹಿಂದಕ್ಕೆ ತಳ್ಳುವುದು ವೇಗ ಏರುವ ರಭಸ. ಹಿಂದಿನ ಚಕ್ರ ರಸ್ತೆಯನ್ನು ಹಿಂದಕ್ಕೆ ಒದೆಯುತ್ತದೆ, ಬೈಕಿನ ಭಾರ ಮೇಲೆ ಕೂತಿದೆ, ಅದು ಹಿಂದೆ ಉಳಿಯಲು ನೋಡುತ್ತದೆ. ಒದೆತ ಸಾಕಷ್ಟು ಜೋರಾದರೆ ಮುಂದಿನ ಚಕ್ರದ ಮೇಲಿನ ಭಾರ ಸೊನ್ನೆಯಾಗಿ ಚಕ್ರ ಎದ್ದೇಳುತ್ತದೆ. ಗಾಡಿ ಗಿಡ್ಡವಾಗಿ, ಭಾರ ಎತ್ತರದಲ್ಲಿದ್ದರೆ ಸುಲಭವಾಗಿ ಏಳುತ್ತದೆ. ಉದ್ದವಾಗಿ, ತಗ್ಗಾಗಿದ್ದರೆ ಕಷ್ಟ. ಡ್ರ್ಯಾಗ್ ರೇಸ್ ಮಾಡುವವರು ಹಯಾಬುಸಾದ ಹಿಂದಿನ ಚಕ್ರ ಹಿಡಿದಿರುವ ತೋಳು, ಅಂದರೆ ಸ್ವಿಂಗ್ ಆರ್ಮ್, ಬಿಚ್ಚಿ ಇನ್ನೂ ಉದ್ದದ್ದು ಹಾಕಿಸುತ್ತಾರೆ. ಮುಂದಿನ ಚಕ್ರ ಏಳಬಾರದು ಅಂತಲೇ. ಏಳುವ ಚಕ್ರದಿಂದ ಅವರಿಗೆ ಸಮಯ ಹಾಳು. ರೇಸಿನವರು ದುಡ್ಡು ಸುರಿದು ತಡೆಯುವುದನ್ನು ರಸ್ತೆಯಲ್ಲಿ ಕೆಲವರು ಬೇಕು ಅಂತ ಮಾಡುತ್ತಾರೆ.

ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ದೊಡ್ಡ ಬೈಕಿನ ಅಪಾಯದ ಬೇರು ಇದೇ ಜಾಗದಲ್ಲಿದೆ. ಹಯಾಬುಸಾದ ಆ 150ರ ಬಲ ಪೂರ್ತಿ ಸಿಗುವುದು ಎಂಜಿನ್ ನಿಮಿಷಕ್ಕೆ 7000 ಸುತ್ತು (ಆರ್‌ಪಿಎಂ) ತಿರುಗುವಾಗ. ಮೊದಲ ಗೇರಿನಲ್ಲೇ ಎಂಜಿನ್ ಅಲ್ಲಿಗೆ ಮುಟ್ಟುವಾಗ ಗಾಡಿ ಗಂಟೆಗೆ ಸುಮಾರು 80 ಕಿ.ಮೀ. ವೇಗದಲ್ಲಿ ಇರುತ್ತದೆ. ಬೀದಿಯಲ್ಲಿ ಹುಡುಗರು ಸ್ಕೂಟರಿನಲ್ಲಿ ಮಾಡುವ ವೀಲಿಂಗ್ ಇಪ್ಪತ್ತು ಮೂವತ್ತರ ವೇಗದಲ್ಲಿ ನಡೆಯುತ್ತದೆ. ಅದೂ ತಪ್ಪೇ, ಅದರಲ್ಲೂ ಜೀವ ಹೋಗಿವೆ. ಆದರೆ ದೊಡ್ಡ ಬೈಕಿನ ಚಕ್ರ ಬರೀ ಎಂಜಿನ್ ಬಲಕ್ಕೆ ಏಳುವ ಹೊತ್ತಿಗೆ ಗಾಡಿ ಆಗಲೇ ಹೆದ್ದಾರಿ ವೇಗಕ್ಕೆ ಬಂದಿರುತ್ತದೆ. 80ರ ವೇಗದಲ್ಲಿ ಒಂದು ಸೆಕೆಂಡಿಗೆ 22 ಮೀಟರ್ ಹೋಗುತ್ತೇವೆ. ಚಕ್ರ ಮೂರು ಸೆಕೆಂಡು ಮೇಲಿದ್ದರೆ 66 ಮೀಟರ್. ಐದು ಬಸ್ಸನ್ನು ಸಾಲಾಗಿ ನಿಲ್ಲಿಸಿದಷ್ಟು ದೂರ.

ಆ ದೂರದಲ್ಲಿ ಸವಾರನ ಕೈಯಲ್ಲಿ ಏನಿದೆ? ಹ್ಯಾಂಡಲ್ ಇದೆ, ಆದರೆ ಅದು ತಿರುಗಿಸುವ ಚಕ್ರ ಗಾಳಿಯಲ್ಲಿದೆ. ಮುಂದಿನ ಬ್ರೇಕ್ ಇದೆ. ಗಾಡಿ ನಿಲ್ಲಿಸುವ ಶಕ್ತಿಯಲ್ಲಿ ಬಹುಪಾಲು ಮುಂದಿನ ಬ್ರೇಕಿನದೇ, ಈಗ ಅದೂ ಗಾಳಿಯಲ್ಲಿದೆ. ಕಣ್ಣು ಇದೆ, ಆದರೆ ಎದುರಿಗೆ ಮೀಟರ್, ವೈಸರ್, ಟ್ಯಾಂಕ್ ಎದ್ದು ನಿಂತು ರಸ್ತೆಯನ್ನು ಮುಚ್ಚಿವೆ. ಉಳಿದಿರುವುದು ಎಕ್ಸಲರೇಟರ್ ಮತ್ತು ಹಿಂದಿನ ಬ್ರೇಕ್. ಎಡಗಡೆಯಿಂದ ಒಂದು ಮಗು ರಸ್ತೆಗೆ ಬಂದರೆ ಈ ಎರಡರಿಂದ ಏನು ಮಾಡಲು ಸಾಧ್ಯ ಅಂತ ಯೋಚಿಸಿ.

ಇನ್ನೊಂದು ವಿಷಯ ಓಡಿಸುವವರಿಗೆ ಮಾತ್ರ ಅನುಭವಕ್ಕೆ ಬರುತ್ತದೆ. ಚಕ್ರ ಏಳುತ್ತಿದ್ದ ಹಾಗೆ ಮೈ ಹಿಂದಕ್ಕೆ ಜಾರುತ್ತದೆ. ಜಾರುವ ಮೈಯನ್ನು ತಡೆಯಲು ಕೈ ಹ್ಯಾಂಡಲನ್ನು ಬಿಗಿಯಾಗಿ ಎಳೆಯುತ್ತದೆ. ಬಲಗೈ ಎಳೆದಾಗ ಎಕ್ಸಲರೇಟರ್ ಇನ್ನಷ್ಟು ತಿರುಗುತ್ತದೆ. ಚಕ್ರ ಇನ್ನೂ ಮೇಲೇಳುತ್ತದೆ. ಚಿಕ್ಕ ಬೈಕಿನಲ್ಲಿ ಸೊಂಟ, ಮೊಣಕಾಲು ಆಡಿಸಿ ತಪ್ಪನ್ನು ಸ್ವಲ್ಪ ತಿದ್ದಬಹುದು. ಸವಾರನ ತೂಕ ಗಾಡಿಯ ತೂಕಕ್ಕೆ ಹತ್ತಿರ ಹತ್ತಿರ ಇರುತ್ತದೆ. 266 ಕಿಲೋದ ಎದುರು 75 ಕಿಲೋ ಮೈ ಏನು ತಿದ್ದೀತು? ಭಾರ ಜಾಸ್ತಿ ಆದಷ್ಟೂ ಸವಾರ ಆ ಗಾಡಿಯ ಮೇಲಿನ ಸಾಮಾನಾಗುತ್ತಾ ಹೋಗುತ್ತಾನೆ. 358 ಕಿಲೋದ ಬಿಎಂಡಬ್ಲ್ಯು ಕೆ1600 ಜಿಟಿಎಲ್‌ನಂಥ ಗಾಡಿಗಳಲ್ಲಿ ಇದು ಇನ್ನೂ ಜಾಸ್ತಿ. ಟೂರಿಂಗ್ ಗಾಡಿಗೆ ಹಿಂದೆ ಪೆಟ್ಟಿಗೆ ಕಟ್ಟಿದ್ದರೆ, ಹಿಂದೆ ಒಬ್ಬರು ಕೂತಿದ್ದರೆ, ಬೇಡ ಅಂದರೂ ಏರುರಸ್ತೆಯಲ್ಲಿ ಮೂತಿ ಹಗುರವಾಗುತ್ತದೆ. ಅದೇ ಎತ್ತಿನ ಗಾಡಿಯ ಹಿಂಭಾರ.

ದಾಮಲ್ ಬಳಿ ಗಾಡಿ ಹಿಂದಕ್ಕೆ ಮಗುಚಲಿಲ್ಲ. ಚಕ್ರ ಇಳಿದ ಮೇಲೆ ಕೆಟ್ಟಿತು. ಜನ ವೀಲಿಂಗ್ ಅಂದರೆ ಏಳುವುದರ ಬಗ್ಗೆ ಮಾತಾಡುತ್ತಾರೆ. ಭಾರದ ಗಾಡಿಯಲ್ಲಿ ಇಳಿಯುವುದೇ ದೊಡ್ಡ ಕಂಟಕ.

ಗಾಬರಿಯಲ್ಲಿ ಎಕ್ಸಲರೇಟರ್ ಒಮ್ಮೆಲೇ ಬಿಟ್ಟರೆ ಎಂಜಿನ್ ಹಿಂದಿನ ಚಕ್ರವನ್ನು ತಡೆಯುತ್ತದೆ, ಮೂತಿ ದೊಪ್ಪನೆ ಬೀಳುತ್ತದೆ. ಹಯಾಬುಸಾದ ಮುಂದಿನ ಶಾಕ್ ಅಬ್ಸಾರ್ಬರ್ ಕುಗ್ಗುವುದು 120 ಮಿಲಿಮೀಟರ್, ಒಂದು ಗೇಣಿಗಿಂತ ಕಡಿಮೆ. ಅಷ್ಟು ಜಾಗ ರಸ್ತೆಯ ಗುಂಡಿ ತಡೆಯಲು ಇಟ್ಟದ್ದು, ಆಕಾಶದಿಂದ ಬೀಳುವ ಮೂತಿಯನ್ನಲ್ಲ. ಅದು ಪೂರ್ತಿ ಕುಗ್ಗಿದ ಮೇಲೆ ಉಳಿದ ಹೊಡೆತ ನೇರವಾಗಿ ಹ್ಯಾಂಡಲ್ ಬೇರಿಂಗಿಗೆ, ರಿಮ್ಮಿಗೆ, ಚಾಸಿಗೆ. ಅಷ್ಟೇ ಆದರೆ ಮೆಕ್ಯಾನಿಕ್ ಬಿಲ್ಲಿನಲ್ಲಿ ಮುಗಿಯುತ್ತದೆ. ಆದರೆ ಚಕ್ರ ನೆಲ ಮುಟ್ಟುವಾಗ ಹ್ಯಾಂಡಲ್ ಒಂದೆರಡು ಡಿಗ್ರಿ ಆಚೀಚೆ ತಿರುಗಿದ್ದರೂ ಸಾಕು. ಗಾಡಿ ಒಂದು ದಿಕ್ಕಿಗೆ ಹೋಗುತ್ತಿದೆ, ಚಕ್ರ ಇನ್ನೊಂದು ದಿಕ್ಕಿಗೆ ಮುಖ ಮಾಡಿದೆ. ರಸ್ತೆ ಆ ಚಕ್ರವನ್ನು ಒಮ್ಮೆಲೇ ಸರಿಯಾದ ದಿಕ್ಕಿಗೆ ಹೊಡೆದು ತಿರುಗಿಸುತ್ತದೆ, ಅದು ಸರಿಯಾದ ಜಾಗ ದಾಟಿ ಆಚೆ ಹೋಗುತ್ತದೆ, ಮತ್ತೆ ಈಚೆ ಬರುತ್ತದೆ. ಹ್ಯಾಂಡಲ್ ಎಡಕ್ಕೂ ಬಲಕ್ಕೂ ಪಟಪಟ ಬಡಿಯತೊಡಗುತ್ತದೆ. ಸವಾರ ಬಿಗಿಯಾಗಿ ಹಿಡಿದಷ್ಟೂ ಅದು ಜಾಸ್ತಿಯಾಗುತ್ತದೆ. ಗಾಳಿಯಲ್ಲಿದ್ದಾಗ ಮುಂದಿನ ಚಕ್ರದ ತಿರುಗುವ ವೇಗವೂ ಇಳಿದಿರುತ್ತದೆ. ನೆಲ ಮುಟ್ಟಿದ ಕ್ಷಣದಲ್ಲಿ ಟೈರ್ ಒಮ್ಮೆಲೇ ರಸ್ತೆಯ ವೇಗಕ್ಕೆ ಏರಬೇಕು. ಇವೆಲ್ಲ ಅರ್ಧ ಸೆಕೆಂಡಿನಲ್ಲಿ ನಡೆದುಹೋಗುತ್ತವೆ. ಮನುಷ್ಯನಿಗೆ ಏನಾಯಿತು ಅಂತ ಗೊತ್ತಾಗುವ ಹೊತ್ತಿಗೆ ಗಾಡಿ ರಸ್ತೆ ಬಿಟ್ಟಿರುತ್ತದೆ.

ದಾಮಲ್‌ನಲ್ಲಿ ಗಾಡಿ ಹೋದದ್ದು ರಸ್ತೆ ಬದಿಗೆ. ಆ ಹೆದ್ದಾರಿಯ ಬದಿಯಲ್ಲಿ ಸರ್ವಿಸ್ ರಸ್ತೆ ಇರುತ್ತದೆ, ಟೀ ಅಂಗಡಿ ಇರುತ್ತದೆ, ಬಸ್ಸಿಗೆ ಕಾಯುವ ಜನ ಇರುತ್ತಾರೆ, ದನ ಮೇಯಿಸುವವರು ಇರುತ್ತಾರೆ. ಅವತ್ತು ಆ ಕೆಲವು ಮೀಟರ್ ಜಾಗದಲ್ಲಿ ಯಾರೂ ನಿಂತಿರಲಿಲ್ಲ. ದಾರಿಹೋಕರು ಯಾರೂ ಸಾಯಲಿಲ್ಲ ಅನ್ನುವುದಕ್ಕೆ ಬೇರೆ ಕಾರಣ ನನಗೆ ಕಾಣುವುದಿಲ್ಲ.

ದನದ ಮಾತು ಬಂತು. ಬಾಲುಚೆಟ್ಟಿಚತ್ರಂ ಪೊಲೀಸರು ಪ್ರಕರಣ ದಾಖಲಿಸಿ ಸೆಪ್ಟೆಂಬರ್ 19ರಂದು ವಾಸನ್ ಅವರನ್ನು ಬಂಧಿಸಿದರು. ಜಾಮೀನು ಕೇಳುವಾಗ ಅವರ ಕಡೆಯಿಂದ ಬಂದ ವಾದ ಪತ್ರಿಕೆಗಳಲ್ಲಿ ವರದಿಯಾಯಿತು: ದನಗಳು ಅಡ್ಡ ಬಂದವು, ಒಮ್ಮೆಲೇ ಬ್ರೇಕ್ ಹಾಕಿದಾಗ ಚಕ್ರ ಮೇಲೆದ್ದಿತು, ಬ್ರೇಕ್ ಹಾಕದಿದ್ದರೆ ದನಕ್ಕೂ ತನಗೂ ಅಪಾಯವಾಗುತ್ತಿತ್ತು. ಇದನ್ನು ತೀರ್ಮಾನಿಸುವುದು ಕೋರ್ಟಿನ ಕೆಲಸ, ನನ್ನದಲ್ಲ. ಆದರೆ ಯಂತ್ರದ ಬಗ್ಗೆ ಹೇಳಬಹುದು. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ನುಗ್ಗುತ್ತದೆ. ಮೂತಿ ತಗ್ಗುತ್ತದೆ. ತೀರಾ ಜೋರಾಗಿ ಹಾಕಿದರೆ ಏಳುವುದು ಹಿಂದಿನ ಚಕ್ರ. ಬಸ್ಸಿನಲ್ಲಿ ನಿಂತವರು ಬ್ರೇಕ್ ಹಾಕಿದಾಗ ಯಾವ ಕಡೆ ಬೀಳುತ್ತಾರೆ ಅಂತ ನೆನಪಿಸಿಕೊಂಡರೆ ಸಾಕು. ಮುಂದಿನ ಚಕ್ರ ಏಳಬೇಕಾದರೆ ಹಿಂದಿನ ಚಕ್ರ ಜೋರಾಗಿ ಒದೆಯಬೇಕು, ಅಂದರೆ ಎಕ್ಸಲರೇಟರ್ ತೆರೆದಿರಬೇಕು. ಗಾಬರಿಯಲ್ಲಿ ಬ್ರೇಕ್ ಹಿಡಿಯುವ ಅದೇ ಬಲಗೈ ಎಕ್ಸಲರೇಟರನ್ನೂ ತಿರುಗಿಸಿಬಿಡುವುದುಂಟು. ಆದರೆ ಆಗಲೂ ಚಕ್ರವನ್ನು ಎತ್ತಿದ್ದು ಎಂಜಿನ್, ಬ್ರೇಕ್ ಅಲ್ಲ.

ಇಂಥ ಗಾಡಿಗಳಲ್ಲಿ ಚಕ್ರ ಏಳದಂತೆ ನೋಡಿಕೊಳ್ಳುವ ವ್ಯವಸ್ಥೆ ಕಂಪನಿಯೇ ಕೊಟ್ಟಿರುತ್ತದೆ. ಹಯಾಬುಸಾದಲ್ಲಿ ಅದಕ್ಕೆ ಆಂಟಿ ಲಿಫ್ಟ್ ಕಂಟ್ರೋಲ್ ಅನ್ನುತ್ತಾರೆ. ಗಾಡಿ ಯಾವ ಕಡೆ ಎಷ್ಟು ವಾಲಿದೆ, ಮೂತಿ ಎಷ್ಟು ಎದ್ದಿದೆ ಅಂತ ಸೆನ್ಸರ್ ಅಳೆಯುತ್ತದೆ, ಜಾಸ್ತಿ ಆದರೆ ಎಂಜಿನ್ ಬಲವನ್ನು ತಾನೇ ಇಳಿಸುತ್ತದೆ. ಹತ್ತು ಹಂತಗಳಿವೆ. ಪೂರ್ತಿ ಆಫ್ ಮಾಡುವ ಆಯ್ಕೆಯೂ ಇದೆ. ಆ ಆಫ್ ಆಯ್ಕೆ ರೇಸ್ ಟ್ರ್ಯಾಕಿಗೆ ಇರಲಿ ಅಂತ ಕೊಟ್ಟದ್ದು. ಹೆದ್ದಾರಿಯಲ್ಲಿ ಅದನ್ನು ಆಫ್ ಮಾಡಲು ಒಂದೇ ಒಂದು ಒಳ್ಳೆ ಕಾರಣ ಯಾರಾದರೂ ಹೇಳಲಿ ನೋಡೋಣ.

ವಾಸನ್ ಬದುಕಿದ್ದು ಅವರು ತೊಟ್ಟಿದ್ದ ರಕ್ಷಣಾ ಉಡುಪಿನಿಂದ. ತಲೆಯಿಂದ ಕಾಲಿನವರೆಗೆ ಪೂರ್ತಿ ರೈಡಿಂಗ್ ಸೂಟ್, ಒಳ್ಳೆ ಹೆಲ್ಮೆಟ್. ಒಳ್ಳೆಯದೇ, ಎಲ್ಲರೂ ಹಾಕಬೇಕು. ಆದರೆ ಕೋರ್ಟ್ ಹಿಡಿದದ್ದು ಇದೇ ಎಳೆಯನ್ನು. ಅಕ್ಟೋಬರ್ 5ರಂದು ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಸಿ.ವಿ. ಕಾರ್ತಿಕೇಯನ್ ಜಾಮೀನು ನಿರಾಕರಿಸಿದರು. ಈತ ಲಕ್ಷಗಟ್ಟಲೆ ಬೆಲೆಯ ರಕ್ಷಣಾ ಉಡುಪು ಹಾಕಿಕೊಂಡಿದ್ದ, ಅದರಿಂದ ಉಳಿದ. ಇವನನ್ನು ನೋಡಿ ಅನುಕರಿಸುವ ಹುಡುಗರಿಗೆ, ರಸ್ತೆಯಲ್ಲಿರುವ ಬೇರೆಯವರಿಗೆ ಆ ರಕ್ಷಣೆ ಇಲ್ಲ ಅನ್ನುವುದು ಅವರ ಮಾತಿನ ಸಾರ. ಯೂಟ್ಯೂಬ್ ಚಾನೆಲ್ ಮುಚ್ಚಿ, ಬೈಕ್ ಸುಟ್ಟು ಬನ್ನಿ ಎಂದೂ ಹೇಳಿದರು. ಆ ಕೊನೆಯ ಮಾತೇ ದೊಡ್ಡ ಸುದ್ದಿಯಾಯಿತು. ನನ್ನ ಮಟ್ಟಿಗೆ ಮೊದಲಿನ ಮಾತು ಮುಖ್ಯ. ದಾಮಲ್ ಬಳಿ ರಸ್ತೆ ದಾಟುವ ಹೆಂಗಸಿನ ಮೈಮೇಲೆ ಇರುವುದು ಸೀರೆ, ಏರ್‌ಬ್ಯಾಗ್ ಜಾಕೆಟ್ ಅಲ್ಲ. ಅಪಾಯ ನಂದು, ನಿಮಗೇನು ಅಂತ ವೀಲಿಂಗ್ ಮಾಡುವವರು ಕೇಳುತ್ತಾರಲ್ಲ, ಆ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನಾನು ಕೇಳಿಲ್ಲ.

ನವೆಂಬರ್ 1ರಂದು ಷರತ್ತಿನ ಜಾಮೀನು ಸಿಕ್ಕಿತು. ಅಲ್ಲಿಯವರೆಗೆ ಆರು ವಾರ ಜೈಲು. ಇಷ್ಟು ದಿನ ಒಳಗಿರಬೇಕಾಗಿ ಬಂದದ್ದಕ್ಕೆ ಒಂದು ಕಾರಣವಿದೆ. ಪೊಲೀಸರು ಬರೀ ಅಜಾಗರೂಕ ಚಾಲನೆಯ ಕಲಂ 279 ಹಾಕಿ ಬಿಡಲಿಲ್ಲ. ಆಗ ಜಾರಿಯಲ್ಲಿದ್ದ ಭಾರತೀಯ ದಂಡ ಸಂಹಿತೆಯ ಕಲಂ 308ನ್ನೂ ಹಾಕಿದರು. ಕೊಲೆಯಲ್ಲದ ಮಾನವ ಹತ್ಯೆಗೆ ಯತ್ನ ಅನ್ನುವ ಕಲಂ ಅದು. ಬರೀ 279 ಆಗಿದ್ದರೆ ಜಾಮೀನು ಹಕ್ಕಿನಿಂದ ಸಿಗುತ್ತಿತ್ತು. 308 ಹಾಗಲ್ಲ. ಅದು ಅತಿಯಾಯಿತು ಎಂದು ಆಗ ಹಲವರು ಹೇಳಿದರು. ಬೇಕು ಅಂತ ಕೊಲ್ಲಲು ಹೊರಟವನಿಗೂ ಇವನಿಗೂ ಒಂದೇನಾ ಅಂತ. ನಾನು ಇದನ್ನು ಬಹಳ ಯೋಚಿಸಿದ್ದೇನೆ. ಆ ಕಲಂ ಕೇಳುವುದು ಕೊಲ್ಲುವ ಆಸೆ ಇತ್ತೇ ಅಂತ ಮಾತ್ರ ಅಲ್ಲ, ಸಾವಾಗಬಹುದು ಅಂತ ಗೊತ್ತಿತ್ತೇ ಅಂತಲೂ. ಜನ ಓಡಾಡುವ ಹೆದ್ದಾರಿಯಲ್ಲಿ 266 ಕಿಲೋವನ್ನು ಒಂದು ಚಕ್ರದ ಮೇಲೆ ಬಿಡುವ ಯಾವ ಪಳಗಿದ ಸವಾರನಿಗೆ ಅದು ಗೊತ್ತಿರುವುದಿಲ್ಲ?

ಜೈಲಿಗಿಂತ ದೊಡ್ಡ ಪೆಟ್ಟು ಸಾರಿಗೆ ಇಲಾಖೆಯಿಂದ ಬಂತು. ಅವರ ಚಾಲನಾ ಪರವಾನಗಿಯನ್ನು ಹತ್ತು ವರ್ಷಕ್ಕೆ ರದ್ದು ಮಾಡಿದರು, 2033ರ ಅಕ್ಟೋಬರ್‌ವರೆಗೆ. ಬೈಕ್ ಓಡಿಸುವುದೇ ಬದುಕಾದವನಿಗೆ ಇದು ಸಣ್ಣ ಮಾತಲ್ಲ.

ನಮ್ಮ ಕಡೆ ನೋಡಿದರೆ ಕಾನೂನು ಇನ್ನೂ ಹುಡುಕಾಟದಲ್ಲಿದೆ. ಮೋಟಾರು ವಾಹನ ಕಾಯ್ದೆಯಲ್ಲಿ ವೀಲಿಂಗ್ ಅನ್ನುವ ಪದವೇ ಇಲ್ಲ. ಅಪಾಯಕಾರಿ ಚಾಲನೆಯ ಕಲಂ 184ರಲ್ಲಿ ಮೊದಲ ಸಲದ ತಪ್ಪಿಗೆ 5000 ರೂಪಾಯಿವರೆಗೆ ದಂಡ ಕಟ್ಟಿ ಹೊರಬರಬಹುದು. 2025ರ ಮೇ ತಿಂಗಳಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ವಿ. ಶ್ರೀಶಾನಂದ ಅವರು ಗಂಗಾವತಿಯ ಒಂದು ವೀಲಿಂಗ್ ಪ್ರಕರಣದಲ್ಲಿ ಜಾಮೀನು ನಿರಾಕರಿಸುತ್ತಾ, ಈಗಿರುವ ಕಲಂಗಳು ಸಾಲವು, ಕಠಿಣ ಕಾನೂನು ತನ್ನಿ ಎಂದು ಸರ್ಕಾರಕ್ಕೆ ಹೇಳಿದರು. ಕಾನೂನು ತಡವಾದಾಗ ಜನ ಏನು ಮಾಡುತ್ತಾರೆ ಅಂತಲೂ ನೋಡಿದ್ದೇವೆ. 2024ರ ಆಗಸ್ಟ್ 15ರಂದು ಬೆಂಗಳೂರು–ತುಮಕೂರು ಹೆದ್ದಾರಿಯಲ್ಲಿ, ನೆಲಮಂಗಲದ ಕಡೆ, ವೀಲಿಂಗ್ ಮಾಡುತ್ತಿದ್ದ ಹುಡುಗರ ಎರಡು ಸ್ಕೂಟರನ್ನು ಜನ ಎತ್ತಿ ಫ್ಲೈಓವರ್ ಮೇಲಿಂದ ಕೆಳಗೆ ಎಸೆದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಎಸೆದದ್ದನ್ನು ಮಾತ್ರ ಒಪ್ಪಲಾರೆ. ಕೆಳಗಿನ ರಸ್ತೆಯಲ್ಲೂ ಜನ ಇರುತ್ತಾರೆ.

ದೊಡ್ಡ ಬೈಕ್ ಇರುವ ಗೆಳೆಯರಿಗೆ ಒಂದೆರಡು ಮಾತು. ಬೇಕು ಅಂತ ಎತ್ತಬೇಡಿ ಅನ್ನುವುದು ಹೇಳಿ ಆಯಿತು. ಸ್ಟಂಟ್ ಕಲಿಯುವ ಆಸೆ ಇದ್ದವರಿಗೆ ಅದಕ್ಕೆ ಬೇರೆ ಗಾಡಿ, ಬೇರೆ ಜಾಗ ಇದೆ. ಸ್ಟಂಟ್ ಮಾಡುವವರು ಹಗುರವಾದ ಬೈಕಿಗೆ ಹಿಂದೆ ದೊಡ್ಡ ಸ್ಪ್ರಾಕೆಟ್ (ಚೈನು ಕೂರುವ ಹಲ್ಲಿನ ಚಕ್ರ) ಹಾಕಿಸಿ, ಗಾಡಿ ಪೂರ್ತಿ ಮಗುಚದ ಹಾಗೆ ಹಿಂದೆ ಕಬ್ಬಿಣದ ಬಾರ್ ಕಟ್ಟಿ, ಬೇಲಿ ಇರುವ ಖಾಲಿ ಮೈದಾನದಲ್ಲಿ, ನಡಿಗೆಗಿಂತ ಸ್ವಲ್ಪ ಜಾಸ್ತಿ ವೇಗದಲ್ಲಿ ಶುರು ಮಾಡುತ್ತಾರೆ. ಮೊದಲು ಕಲಿಯುವುದು ಹಿಂದಿನ ಬ್ರೇಕ್ ಮುಟ್ಟಿ ಚಕ್ರ ಇಳಿಸುವುದನ್ನು. ಎತ್ತುವುದು ಆಮೇಲೆ. ಯಾರೂ ಹಯಾಬುಸಾ ತಂದು ಕಲಿಯುವುದಿಲ್ಲ.

ಆದರೆ ಬೇಡ ಅಂದರೂ ಚಕ್ರ ಏಳುವ ಸಂದರ್ಭ ಟೂರಿಂಗಿನಲ್ಲಿ ಬರುತ್ತದೆ. ಹಿಂದೆ ಹೆಂಡತಿ, ಎರಡು ಪೆಟ್ಟಿಗೆ, ಚಾರ್ಮಾಡಿಯ ತಿರುವು ಮುಗಿಸಿ ಏರಿನಲ್ಲಿ ಲಾರಿ ಹಿಂದಿಕ್ಕಲು ಜೋರಾಗಿ ಎಕ್ಸಲರೇಟರ್ ತಿರುಗಿಸಿದಿರಿ ಅಂತ ಇಟ್ಟುಕೊಳ್ಳಿ. ಮೂತಿ ಹಗುರವಾದದ್ದು ಕೈಗೆ ಗೊತ್ತಾಗುತ್ತದೆ, ಹ್ಯಾಂಡಲ್ ಸಡಿಲವಾದ ಹಾಗೆ. ಆಗ ಎಕ್ಸಲರೇಟರ್ ಪೂರ್ತಿ ಬಿಟ್ಟುಬಿಡಬೇಡಿ, ಕ್ಲಚ್ ತಟ್ಟನೆ ಹಿಡಿಯಬೇಡಿ, ಎರಡೂ ಮೂತಿಯನ್ನು ನೆಲಕ್ಕೆ ಬಡಿಯುತ್ತವೆ. ಎಕ್ಸಲರೇಟರ್ ಸ್ವಲ್ಪ ಸ್ವಲ್ಪ ಇಳಿಸಿ. ಎದೆ ಮುಂದಕ್ಕೆ ಬಾಗಲಿ, ಮೊಣಕಾಲಿನಿಂದ ಟ್ಯಾಂಕ್ ಹಿಡಿಯಿರಿ, ಕೈ ಸಡಿಲವಿರಲಿ. ತೀರಾ ಮೇಲೆದ್ದರೆ ಮಾತ್ರ ಬಲಗಾಲಿನಿಂದ ಹಿಂದಿನ ಬ್ರೇಕನ್ನು ಮೆಲ್ಲಗೆ ಮುಟ್ಟಿ. ಹ್ಯಾಂಡಲ್ ನೇರವಾಗಿ ಇರಲಿ, ಚಕ್ರ ನೆಲ ಮುಟ್ಟುವವರೆಗೂ. ಆಮೇಲೆ ಎಲ್ಲಾದರೂ ಪಕ್ಕಕ್ಕೆ ನಿಲ್ಲಿಸಿ, ಪೆಟ್ಟಿಗೆಯಲ್ಲಿರುವ ಭಾರದ ಸಾಮಾನನ್ನು ತೆಗೆದು ಆದಷ್ಟು ಮುಂದಕ್ಕೆ, ಟ್ಯಾಂಕ್ ಬ್ಯಾಗಿಗೆ ಹಾಕಿಕೊಳ್ಳಿ.